ಫೌಸ್ಟಿನ್ ಡುಪ್ಲಿಕೇಟ್ ಎಂದ ಸಾಬೂನು

ಮೀಸೆ ಚಿಗುರಿದ ಮೇಲೆ ಇನ್ನಂಜೆಯ ಫೌಸ್ಟಿನ್ ಮಥಾಯಸ್ ಶೇವ್ ಮಾಡದೆ ಇದ್ದದ್ದು ಎರಡೇ ಸಲ. ಒಮ್ಮೆ ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಇನ್ನೊಮ್ಮೆ ಐದು ವರ್ಷದ ಹಿಂದೆ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಜ್ವರದ ಕಾಲದಲ್ಲಿ, ತಾನೂ ಜ್ವರ ಹಿಡಿದು ಮಲಗಿ, ಹದಿನಾಲ್ಕು ದಿನ. ಉಳಿದ ಅಷ್ಟೂ ಬೆಳಗುಗಳಲ್ಲಿ ಆರೂವರೆಗೆ ಸರಿಯಾಗಿ ಆತ ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕನ್ನಡಿ ನಿಲ್ಲಿಸಿ, ಬಿಸಿನೀರಿನ ಚೆಂಬು ಇಟ್ಟುಕೊಂಡು, ಬಲಿಪೂಜೆಗೆ ನಿಂತ ಪಾದ್ರಿಗಳ ಗಾಂಭೀರ್ಯದಲ್ಲಿ ಕೂತಿರುತ್ತಾನೆ. ಆ ಅರ್ಧ ಗಂಟೆ ಮನೆಗೆ ಬಿಷಪರೇ ಬಂದರೂ ಹೊರಗೆ ಕಾಯಬೇಕು.

ಟ್ಯೂಬಿನ ಕ್ರೀಮು ಆತನ ಲೆಕ್ಕದಲ್ಲಿ ಪಾಪ, ಡಬ್ಬಿಯಿಂದ ಪುಸ್ಸೆಂದು ಬರುವ ನೊರೆ ಮಹಾಪಾಪ. ಬೇಕಾದದ್ದು ಗಟ್ಟಿ ಸಾಬೂನಿನ ಬಿಲ್ಲೆ, ಕೂದಲಿನ ಬ್ರಶ್, ಒಂದು ಹಿತ್ತಾಳೆಯ ಬಟ್ಟಲು. ಬ್ರಶ್ಶನ್ನು ಬಿಸಿನೀರಿನಲ್ಲಿ ನೆನೆಸಿ, ಮೂರು ಸಲ ಕೊಡವಿ, ಬಿಲ್ಲೆಯ ಮೇಲೆ ನಲವತ್ತು ಸುತ್ತು ತಿರುಗಿಸಿ, ಆಮೇಲೆ ಬಟ್ಟಲಲ್ಲಿ ಹನಿ ಹನಿ ನೀರು ಕೊಡುತ್ತ ನೊರೆ ಎಬ್ಬಿಸುತ್ತಾನೆ. ನೊರೆ ಎದ್ದ ಮಾತ್ರಕ್ಕೆ ಸಾಬೂನು ಪಾಸಾಗುವುದಿಲ್ಲ. ಬಟ್ಟೆ ಒಗೆಯುವ ಪುಡಿಗೂ ನೊರೆ ಏಳುತ್ತದೆ ಎಂದು ಆತನೇ ಹೇಳುತ್ತಾನೆ. ಅದು ಕೆನ್ನೆಯ ಮೇಲೆ ನಿಲ್ಲಬೇಕು. ಎಷ್ಟು ಹೊತ್ತು ನಿಲ್ಲಬೇಕು? ಗಡಿಯಾರ ನೋಡಿ ಅಲ್ಲ. ಹತ್ತು ನಮಾನ್ ಮರಿಯೆ ಹೇಳಿ ಮುಗಿಯುವವರೆಗೆ ಕೆನ್ನೆಯ ನೊರೆ ಒಣಗಬಾರದು. ಸಾಬೂನು ಪರೀಕ್ಷೆಗೆ ಮಾತೆ ಮರಿಯಳನ್ನು ಕರೆಯುವುದು ಸರಿಯಲ್ಲವೆಂದು ಹೆಂಡತಿ ಝೀಟಾ ಮದುವೆಯಾದಂದಿನಿಂದ ಜಗಳ ಮಾಡುತ್ತ ಬಂದಿದ್ದಾಳೆ. "ಪ್ರಾರ್ಥನೆ ಹೇಗೂ ಆಗ್ತದಲ್ವಾ" ಎನ್ನುವುದು ಫೌಸ್ಟಿನ್ನನ ವಾದ.

ಈ ಹುಚ್ಚು ಹತ್ತಿದ್ದು ಬಹರೈನಿನಲ್ಲಿ. ಅಲ್ಲಿನ ದೊಡ್ಡ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ರೂಮ್ ಸರ್ವಿಸಿನಲ್ಲಿದ್ದ. ಡ್ಯೂಟಿಗೆ ಹೋಗುವ ಮೊದಲು ಸೂಪರ್‌ವೈಸರ್ ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಗಲ್ಲಕ್ಕೂ ಟಿಶ್ಯೂ ಪೇಪರ್ ಒರೆಸುತ್ತಿದ್ದ. ಪೇಪರಿನ ಒಂದು ಎಳೆ ಸಿಕ್ಕಿಕೊಂಡರೂ ವಾಪಸ್ ರೂಮಿಗೆ. ಫೌಸ್ಟಿನ್ ಒಂದು ದಿನವೂ ವಾಪಸಾದವನಲ್ಲ. ಊರಿಗೆ ಬಂದು ನೆಲೆಸಿದ ಮೇಲೆ ಆತನ ಈ ವಿದ್ಯೆಗೆ ಬೆಲೆ ಬಂತು. ಗಲ್ಫಿನಿಂದ ತಂದ ಸಾಬೂನು, ಕ್ರೀಮು, ಸೆಂಟು ಅಸಲಿಯೋ ಡುಪ್ಲಿಕೇಟೋ ಎಂಬ ಸಂಶಯ ಬಂದರೆ ಉದ್ಯಾವರದಿಂದ ಕಾಪುವಿನವರೆಗಿನ ಜನ ಫೌಸ್ಟಿನ್ನನ ಮೂಗಿಗೆ ಹಿಡಿಯುತ್ತಿದ್ದರು. ಊರಿಗೆ ಮರಳಿದವರದ್ದೊಂದು ವಾಟ್ಸಾಪ್ ಗುಂಪುಂಟು, 'ಬಹರೈನ್ ಬಳಗ' ಎಂದು, ನೂರಾ ಎಂಬತ್ತು ಜನ. ಅದರಲ್ಲಿ ಆತನ ವಾಯ್ಸ್ ಮೆಸೇಜ್ ಬಂತೆಂದರೆ ಮುಗಿಯಿತು, ಅದೇ ತೀರ್ಪು.

ಇತ್ತೀಚಿನ ನಾಲ್ಕೈದು ವರ್ಷಗಳಲ್ಲಿ ಆ ತೀರ್ಪುಗಳೆಲ್ಲ ಬಹಳ ಕಟುವಾಗಿದ್ದವು. "ಈಗಿನದ್ದಕ್ಕೆ ಪರಿಮಳವೇ ಇಲ್ಲ ಮಾರಾಯ" ಎಂಬ ಮಾತು ನಾಲಗೆಯ ತುದಿಯಲ್ಲೇ ಕೂತಿತ್ತು. ಸಾಬೂನಿಗೆ ಪರಿಮಳ ಇಲ್ಲ. ಕಾಫಿಪುಡಿಗೆ ಇಲ್ಲ, ಹುಣಸೆಬೀಜ ಬೆರೆಸುತ್ತಾರೆ. ಬಂಗುಡೆ ಸಾರಿಗೆ ಇಲ್ಲ, ಮೀನನ್ನು ವಾರಗಟ್ಟಲೆ ಐಸಿನಲ್ಲಿಟ್ಟರೆ ಎಲ್ಲಿಂದ ಬರಬೇಕು. ಝೀಟಾ ಬೆಳೆಯುವ ಮಲ್ಲಿಗೆಗೂ ಇಲ್ಲ, ಅದು ಗೊಬ್ಬರದ ದೋಷ. ಅರವತ್ತು ದಾಟಿದ ಗಂಡಸರು ಹೀಗೆ ಗೊಣಗದಿದ್ದರೆ ಅಲ್ಲವೇ ಆಶ್ಚರ್ಯ? ಯಾರೂ ಅದಕ್ಕೆ ವಿಶೇಷ ಅರ್ಥ ಕಟ್ಟಲಿಲ್ಲ. ಹೌದು ಹೌದು, ಹಿಂದಿನ ಕಾಲದ್ದೇ ಬೇರೆ ಎಂದು ತಲೆಯಾಡಿಸಿದರು.

ಇನ್ನು ಬೀರಾನ್. ಕಾಪು ಪೇಟೆಯಲ್ಲಿ ಅತ್ತರು, ಸಾಬೂನು, ಖರ್ಜೂರದ ಅಂಗಡಿ ಇಟ್ಟಿರುವ ಬ್ಯಾರಿ. ಬಹರೈನಿನ ಮನಾಮದಲ್ಲಿ ಒಂದು ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಆತನೂ ಫೌಸ್ಟಿನ್ನನೂ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿದ್ದವರು. ಮಹಡಿಯ ಮೇಲಿನ ತಗಡಿನ ಕೋಣೆ, ಎರಡು ಮಂಚ, ಒಂದು ಸ್ಟವ್. ಬೀರಾನನ ಮದುವೆ ಫೋಟೋ ಬಂದಾಗ ಮೊದಲು ನೋಡಿದವನು ಫೌಸ್ಟಿನ್. ಫೌಸ್ಟಿನ್ನನ ಅಪ್ಪ ತೀರಿದ ತಂತಿ ಬಂದಾಗ ಅದನ್ನು ಓದಿ ಹೇಳಿದವನು ಬೀರಾನ್. ಊರಿಗೆ ಬಂದ ಮೇಲೂ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ಡಬ್ಬಿ ಕಾಪುವಿಗೆ, ಹಬ್ಬಕ್ಕೆ ಬಿರಿಯಾನಿಯ ಪಾತ್ರೆ ಇನ್ನಂಜೆಗೆ ತಪ್ಪಿದ್ದಿಲ್ಲ.

ಮೊನ್ನೆ ಜನವರಿಯ ಒಂದು ಮಂಗಳವಾರ ಸಂಜೆ ಬೀರಾನ್ ಸ್ಕೂಟರಿನಲ್ಲಿ ಬಂದಿಳಿದ. ಝೀಟಾ ಮನೆಯಲ್ಲಿರಲಿಲ್ಲ. ಅಜೆಕಾರಿನ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿತ್ತೆಂದು ಹಿಂದಿನ ದಿನವೇ ಹೋಗಿದ್ದಳು, ಶನಿವಾರ ಬರುವವಳು. ಬೀರಾನ್ ಚೀಲದೊಳಗೆ ಕೈ ಹಾಕಿ, ಮುಖವೆಲ್ಲ ನಗು ಮಾಡಿಕೊಂಡು, ಒಂದು ಹಸಿರು ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಮುಚ್ಚಳದ ಮೇಲೆ ಒಂದು ಆಡಿನ ಚಿತ್ರ.

ಫೌಸ್ಟಿನ್ ಕುರ್ಚಿಯಿಂದ ಎದ್ದೇ ಬಿಟ್ಟ. "ಎಲ್ಲಿ ಸಿಕ್ಕಿತಾ ಇದು ನಿನಗೆ?"

"ಎಲ್ಲಿ ಅಂತ ಕೇಳಬೇಡ. ಹದಿನಾಲ್ಕು ವರ್ಷ ಹುಡುಕಿದ್ದೇನೆ. ಕಂಪೆನಿ ಮುಚ್ಚಿದೆ ಅಂದರು, ಆಮೇಲೆ ಮತ್ತೆ ತೆರೆದಿದೆ ಅಂದರು. ಕೊನೆಗೆ ರಿಯಾಝ್ ದುಬೈಯಲ್ಲಿ ಯಾರನ್ನೋ ಹಿಡಿದು ಒಂದು ಪೆಟ್ಟಿಗೆ ತರಿಸಿದ. ಮೊದಲ ಡಬ್ಬಿ ನಿನಗೆ. ನಾನು ಮುಚ್ಚಳ ಕೂಡ ತೆಗೆದಿಲ್ಲ."

ರಿಯಾಝ್ ಬೀರಾನನ ಮಗ, ಈಗ ಅಂಗಡಿಯನ್ನು ನೋಡಿಕೊಳ್ಳುವವನು. ಮತ್ತು ಅದು ಆಡಿನ ಸಾಬೂನು! ಆ ತಗಡಿನ ಕೋಣೆಯಲ್ಲಿ ಹನ್ನೊಂದು ವರ್ಷವೂ ಫೌಸ್ಟಿನ್ ಬಳಸಿದ್ದು ಅದನ್ನೇ. ಅದರ ಪರಿಮಳ ಎಷ್ಟು ಜೋರೆಂದರೆ ಕೆಳಗಿನ ಮಹಡಿಯ ಪಾಕಿಸ್ತಾನಿಗಳು ಮೇಲೆ ಬಂದು ದೂರು ಹೇಳಿದ್ದರು. "ನಿದ್ರೆಯಲ್ಲಿ ಮೂಗಿಗೆ ಹಿಡಿದರೂ ಇದನ್ನು ಗುರುತಿಸ್ತೇನೆ" ಎಂದು ಫೌಸ್ಟಿನ್ ಆಗ ಎಷ್ಟು ಸಲ ಕೊಚ್ಚಿಕೊಂಡಿದ್ದನೋ.

ಮರುದಿನ ಬೆಳಿಗ್ಗೆ ಆತ ಹತ್ತು ನಿಮಿಷ ಮೊದಲೇ ಬಾವಿಯ ಬಳಿ ಹಾಜರು. ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತೆಗೆದ. ಬಿಲ್ಲೆ ಅದೇ ಹಾಲುಬಣ್ಣದ್ದು, ಮೇಲೆ ಅದೇ ಆಡಿನ ಮುದ್ರೆ. ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಇನ್ನೂ ಒದ್ದೆಯಾಗಿಲ್ಲವಲ್ಲ ಎಂದುಕೊಂಡು ಬ್ರಶ್ ತಿರುಗಿಸಿದ. ನೊರೆ ಎದ್ದಿತು, ಎಂತಹ ನೊರೆ! ಇಪ್ಪತ್ತೈದು ಸುತ್ತಿಗೇ ಬ್ರಶ್ ತುಂಬಿತು. ಬಟ್ಟಲಲ್ಲಿ ನೀರು ಕೊಟ್ಟಷ್ಟೂ ಕುಡಿಯಿತು. ಗುಳ್ಳೆ ಎಂಬುದಿಲ್ಲ, ಮೊಸರಿನ ಕೆನೆಯ ಹಾಗೆ ನುಣ್ಣಗೆ, ಬ್ರಶ್ ಎತ್ತಿದರೆ ತುದಿ ನೆಟ್ಟಗೆ ನಿಂತಿತು. ಕೆನ್ನೆಗೆ ಹಚ್ಚಿ ನಮಾನ್ ಮರಿಯೆ ಶುರುಮಾಡಿದ. ಹತ್ತು ಮುಗಿಯಿತು, ಹದಿನೈದು ಮುಗಿಯಿತು, ನೊರೆ ಒಂದು ಕೂದಲಿನಷ್ಟೂ ಇಳಿಯಲಿಲ್ಲ. ರೇಜರು ಇಟ್ಟರೆ ತಾನಾಗಿಯೇ ಜಾರಿತು. ಎರಡನೆಯ ಸಲ ಉಲ್ಟಾ ಎಳೆದರೂ ಉರಿ ಇಲ್ಲ, ಬಿಗಿತ ಇಲ್ಲ.

ಪರಿಮಳವೂ ಇಲ್ಲ.

ಮೂಗಿನ ಕೆಳಗೇ ಅಷ್ಟು ದಪ್ಪ ನೊರೆ ಇಟ್ಟುಕೊಂಡು ಫೌಸ್ಟಿನ್ ಉಸಿರೆಳೆದ, ಇನ್ನೊಮ್ಮೆ ಎಳೆದ. ಬಿಸಿನೀರಿನ ಹಬೆಯ ಬಿಸುಪು ಬಿಟ್ಟರೆ ಬೇರೇನೂ ಇಲ್ಲ. ಆಗ ಆತನಿಗೆ ಎಲ್ಲ ಹೊಳೆಯಿತು, ಅಥವಾ ಹೊಳೆಯಿತೆಂದು ಆತ ತಿಳಿದ. ಡುಪ್ಲಿಕೇಟ್ ಮಾಡುವವರು ಈಗ ಡಬ್ಬಿಯನ್ನು ಹಾಗೇ ಮಾಡುತ್ತಾರೆ, ಮುದ್ರೆಯನ್ನು ಹಾಗೇ ಒತ್ತುತ್ತಾರೆ, ನೊರೆಯನ್ನೂ ಹಾಗೇ ಎಬ್ಬಿಸುತ್ತಾರೆ. ಅಸಲಿನ ಎಣ್ಣೆ ಮಾತ್ರ ಅವರ ಕೈಗೆ ಸಿಗುವುದಿಲ್ಲ.

ಬೇರೆ ಯಾವ ಸಾಬೂನು ಆಗಿದ್ದರೂ ಬೀರಾನನ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದನೋ ಏನೋ. ಆದರೆ ಇದು ಆ ಕೋಣೆಯ ಸಾಬೂನು. ಆ ಹನ್ನೊಂದು ವರ್ಷದ ಹೆಸರಿನಲ್ಲಿ ಯಾರೋ ತನಗೆ ಮಣ್ಣು ಮಾರಿದ ಹಾಗೆ ಫೌಸ್ಟಿನ್ನನಿಗೆ ಸಿಟ್ಟು ಏರಿತು. ಮುಖ ಒರೆಸಿಕೊಂಡವನೇ ಫೋನ್ ಎತ್ತಿ, ನೂರಾ ಎಂಬತ್ತು ಜನರಿಗೆ ಮಾತಾಡಿದ. "ಕಾಪುವಿನಲ್ಲಿ ಆಡಿನ ಸಾಬೂನು ಬಂದಿದೆ ಅಂತ ಕೇಳಿ ಯಾರೂ ಓಡಬೇಡಿ. ನೊರೆಗೆ ಹತ್ತಕ್ಕೆ ಹತ್ತು, ಪರಿಮಳಕ್ಕೆ ಸೊನ್ನೆ. ಡುಪ್ಲಿಕೇಟ್. ನಮ್ಮ ಬೀರಾನ್ ಕೂಡ ಇಂಥದ್ದಕ್ಕೆ ಇಳಿದ ಅಂತ ಹೇಳಲಿಕ್ಕೆ ಬೇಸರ ಆಗ್ತದೆ."

ಬೇಸರವಂತೆ! ಸಂಜೆಯೊಳಗೆ ಆ ಮಾತು ಕಾಪು ದಾಟಿ ಕಾರ್ಕಳ ಮುಟ್ಟಿತ್ತು. ಸಾಬೂನು ಹೇಳಿಟ್ಟಿದ್ದವರು ಬೇಡವೆಂದರು. ಯಾರೋ ಒಬ್ಬ, ಹಾಗಾದರೆ ಹೋದ ಹಬ್ಬಕ್ಕೆ ಒಯ್ದ ಅತ್ತರೂ ಡುಪ್ಲಿಕೇಟೇ ಇರಬೇಕು ಎಂದು ಅಂಗಡಿಗೇ ಬಂದು ಕೂಗಾಡಿದನಂತೆ. ಮರುದಿನ ಬೀರಾನನ ಫೋನ್ ಬಂತು.

"ಫೌಸ್ಟಿನ್, ಇನ್ನೊಮ್ಮೆ ಮೂಸಿ ನೋಡು."

"ಎಷ್ಟು ಸಲ ಮೂಸುವುದು? ನನಗೆ ಮೂಗು ಇಲ್ವಾ?"

"ನಿನಗೆ ಸಂಶಯ ಬಂದಿದ್ದರೆ ನನಗೆ ಹೇಳಬೇಕಿತ್ತು. ಊರಿಗೆ ಹೇಳಿದೆ. ನನ್ನ ಮಗ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ" ಎಂದು ಹೇಳಿ ಬೀರಾನ್ ಫೋನ್ ಇಟ್ಟ. ಮೂವತ್ತೊಂಬತ್ತು ವರ್ಷಗಳಲ್ಲಿ ಆತ ಫೌಸ್ಟಿನ್ನನೊಡನೆ ಏರಿದ ದನಿಯಲ್ಲಿ ಮಾತಾಡಿದ್ದು ಎಷ್ಟೋ ಸಲ. ಇಷ್ಟು ತಗ್ಗಿದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಫೌಸ್ಟಿನ್ನನಿಗೆ ಒಳಗೊಳಗೆ ಕಸಿವಿಸಿಯಾಯಿತು. ಆದರೆ ತೀರ್ಪು ಕೊಟ್ಟವನು ಹಿಂದೆ ಹೋಗುವುದುಂಟೇ? ಸಾಕ್ಷಿ ಬೇಕೆಂದುಕೊಂಡು ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಕಟಪಾಡಿಯ ಭುಜಂಗನ ಸೆಲೂನಿಗೆ ಹೋದ. ಭುಜಂಗ ಅಪ್ಪನ ಕಾಲದಿಂದ ಅದೇ ಕಸುಬಿನವನು, ಸಾಬೂನು ತಿಳಿದವನು. ಆತ ಹೇಳಿದರೆ ಬೀರಾನನ ಬಾಯಿ ಕಟ್ಟಿದ ಹಾಗೆ. ಸೆಲೂನಿನಲ್ಲಿ ಮುದ್ದಣ್ಣನೆಂಬ ಮುದುಕ ಬೆಳಗಿನ ಪೇಟೆ ಮುಗಿಸಿ, ಚೀಲ ಕಾಲಬುಡದಲ್ಲಿಟ್ಟುಕೊಂಡು ಪೇಪರ್ ಓದುತ್ತಿದ್ದ.

ಭುಜಂಗ ಡಬ್ಬಿಯ ಮುಚ್ಚಳ ತೆಗೆದವನೇ ಮುಖ ಹಿಂದಕ್ಕೆಳೆದುಕೊಂಡ. "ಅಯ್ಯಯ್ಯೋ ಪೊರ್ಬುಗಳೇ, ಎಂತ ಪರಿಮಳ ಇದು! ಮೂಗಿನೊಳಗೆ ಹೊಡೆದ ಹಾಗೆ ಆಯಿತಲ್ಲ." ಕ್ರೈಸ್ತರನ್ನು ತುಳುವರು ಗೌರವದಿಂದ ಕರೆಯುವುದು ಹಾಗೆ.

ಮುದ್ದಣ್ಣ ಪೇಪರಿನ ಹಿಂದಿನಿಂದ ಎರಡು ಸಲ ಸೀನಿದ.

ಫೌಸ್ಟಿನ್ ನಕ್ಕ. ಓಹೋ, ಬೀರಾನ್ ಇಲ್ಲಿಗೂ ಫೋನ್ ಮಾಡಿ ಹೇಳಿಕೊಟ್ಟಿದ್ದಾನೆ ಎಂದು ಆತನ ಲೆಕ್ಕ. "ನಾಟಕ ಚೆನ್ನಾಗುಂಟು ಭುಜಂಗ. ಈಗ ನೊರೆ ಹಚ್ಚು, ಆಮೇಲೆ ಮಾತಾಡುವ" ಎಂದು ಕುರ್ಚಿಯಲ್ಲಿ ಒರಗಿದ.

ಭುಜಂಗನಿಗೂ ಗೊಂದಲ. ಇಷ್ಟು ಘಾಟು ಹೊಡೆಯುವ ಸಾಬೂನನ್ನು ಪರಿಮಳ ಇಲ್ಲ ಎಂದು ಊರಿಗೆ ಸಾರಿದವರು ತನ್ನ ಕಾಲೆಳೆಯಲು ಬಂದಿದ್ದಾರೆಂದು ಅವನು ತಿಳಿದ. ಆಯಿತು, ನೋಡುವ ಎಂದುಕೊಂಡು ಬಿಸಿ ಟವೆಲನ್ನು ಹಣೆಯಿಂದ ಕಣ್ಣಿನವರೆಗೆ ಹಾಸಿದ. ನೊರೆ ಎಬ್ಬಿಸಿ ಎರಡೂ ಕೆನ್ನೆಗೆ ಹಚ್ಚಿದ. ಆಮೇಲೆ ಮುದ್ದಣ್ಣನಿಗೆ ಕಣ್ಣು ಹೊಡೆದು, ಅವನ ಚೀಲದಿಂದ ಒಣ ಸಿಗಡಿಯ ಪೊಟ್ಟಣ ತೆಗೆದು, ಬಾಯಿ ಬಿಡಿಸಿ, ಫೌಸ್ಟಿನ್ನನ ಮೂಗಿನ ಬುಡಕ್ಕೆ ಹಿಡಿದ. ಈಗ ಪೊರ್ಬುಗಳು ಹಾರಿ ಬೀಳುತ್ತಾರೆ ಎಂದು ಇಬ್ಬರೂ ನಗು ತಡೆದುಕೊಂಡು ಕಾದರು.

ಫೌಸ್ಟಿನ್ ಹಾರಲಿಲ್ಲ. ಹಾಯಾಗಿ ಉಸಿರಾಡುತ್ತಿದ್ದ. ಒಂದು ನಿಮಿಷವಾಯಿತು. ಮುದ್ದಣ್ಣ ಪೊಟ್ಟಣವನ್ನು ಇನ್ನೂ ಹತ್ತಿರ ಹಿಡಿಯುವಂತೆ ಸನ್ನೆ ಮಾಡಿದ. ಭುಜಂಗ ಹಿಡಿದ. ಒಂದು ಸಿಗಡಿ ನೊರೆಗೇ ತಾಗಿತು.

"ಎಂತ ತಡ ಭುಜಂಗ?" ಟವೆಲಿನ ಕೆಳಗಿನಿಂದ ಫೌಸ್ಟಿನ್ ಕೇಳಿದ. "ರೇಜರು ತೆಗೆದುಕೊಳ್ಳಲಿಕ್ಕೆ ಉಡುಪಿಗೆ ಹೋಗಿದ್ದೀಯಾ?"

ಯಾರೂ ನಗಲಿಲ್ಲ. ಫೌಸ್ಟಿನ್ ತಾನೇ ಟವೆಲನ್ನು ಎಳೆದ. ಕಣ್ಣೆದುರು, ಮೂಗಿನಿಂದ ಎರಡು ಬೆರಳು ದೂರದಲ್ಲಿ, ಒಣ ಸಿಗಡಿಯ ಪೊಟ್ಟಣ. ಅದನ್ನು ಹಿಡಿದಿದ್ದ ಭುಜಂಗನ ಮುಖ ಬಿಳಿಚಿತ್ತು.

"ನಿಮಗೆ... ಗೊತ್ತಾಗಲಿಲ್ವಾ?"

ಫೌಸ್ಟಿನ್ ಪೊಟ್ಟಣವನ್ನು ಕಿತ್ತುಕೊಂಡು ಮುಖವನ್ನೇ ಅದರೊಳಗೆ ಇಟ್ಟ. ಎಳೆದ. ಏನೂ ಇಲ್ಲ. ಎದ್ದು ಹೋಗಿ ಕನ್ನಡಿಯ ಮುಂದಿನ ಲೋಷನ್ ಬಾಟಲಿಯ ಬಿರಡೆ ತೆಗೆದ. ತಣ್ಣಗೆ ಚುರುಕೆಂದಿತು, ಅಷ್ಟೆ. ಹೇರ್ ಡೈ ಮೂಸಿದ. ಮೂಲೆಯಲ್ಲಿದ್ದ ಫಿನಾಯಿಲ್ ಕ್ಯಾನನ್ನು ಎತ್ತಿ ಮೂಸಿದ. ಮುದ್ದಣ್ಣ "ಬೇಡ, ಬೇಡ ಮಾರಾಯ್ರೇ" ಎಂದು ಎದ್ದು ಬಂದು ಕೈ ಹಿಡಿದ. ಅರವತ್ತಾರು ವರ್ಷದ ಮನುಷ್ಯ, ಕೆನ್ನೆ ತುಂಬ ನೊರೆ ಹೊತ್ತುಕೊಂಡು, ಸೆಲೂನಿನ ನಡುವೆ ದಾರಿ ತಪ್ಪಿದವನಂತೆ ನಿಂತಿದ್ದ. ಎಷ್ಟು ಹೊತ್ತು ಹಾಗೆ ನಿಂತನೋ ಭುಜಂಗನಿಗೂ ಹೇಳಲು ಬರುವುದಿಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ಮಾತ್ರ ಫೌಸ್ಟಿನ್ ಮರೆತಿಲ್ಲ. ಅಷ್ಟು ಹೊತ್ತಾದರೂ ಆ ಸಾಬೂನಿನ ನೊರೆ ಒಣಗಿರಲಿಲ್ಲ.

ಶನಿವಾರ ಒಬ್ಬನೇ ಮಣಿಪಾಲಕ್ಕೆ ಹೋದ. ಡಾಕ್ಟರು ಕಣ್ಣು ಮುಚ್ಚಿಸಿ ಒಂದೊಂದೇ ಶೀಸೆ ಹಿಡಿದು ನೋಡಿದರು. ಮೂಗಿನೊಳಗೆ ಟಾರ್ಚು ಬಿಟ್ಟರು. ಕೆಲವರಿಗೆ ಆ ಜ್ವರದಲ್ಲಿ ವಾಸನೆಯ ಶಕ್ತಿ ಅರ್ಧ ಹೋಗಿ, ಉಳಿದದ್ದು ನಿಧಾನಕ್ಕೆ ಹೋಗುತ್ತದೆ, ದಿನಕ್ಕಿಷ್ಟು ದಿನಕ್ಕಿಷ್ಟು ಹೋಗುವುದರಿಂದ ಅವರಿಗೇ ತಿಳಿಯುವುದಿಲ್ಲ ಎಂದರು. ನಾಲ್ಕೈದು ವರ್ಷ ಆಗಿರಬಹುದು. ವಾಪಸ್ ಬರುತ್ತದೆಂದು ಭರವಸೆ ಕೊಡಲಾರೆ ಎಂದರು. "ಇಷ್ಟು ದಿನ ನಿಮಗೆ ಏನೂ ವ್ಯತ್ಯಾಸ ಅನ್ನಿಸಲಿಲ್ವಾ?" ಎಂದು ಡಾಕ್ಟರು ಕೇಳಿದರು.

ವ್ಯತ್ಯಾಸ ಅನ್ನಿಸಿತ್ತು. ವ್ಯತ್ಯಾಸ ಪ್ರಪಂಚದಲ್ಲಿದೆ ಅನ್ನಿಸಿತ್ತು. ಅದನ್ನು ಡಾಕ್ಟರಿಗೆ ಹೇಳುವುದು ಹೇಗೆ? ಬಸ್ಸಿನಲ್ಲಿ ಕೂತು ಬರುವಾಗ ಆತನಿಗೆ ಒಂದೊಂದೇ ನೆನಪಾಗತೊಡಗಿತು. ಕಾಫಿಪುಡಿಯವನಿಗೆ ಬೈದದ್ದು. ಮೀನಿನ ಹೆಂಗಸಿನೊಡನೆ ಜಗಳವಾಡಿ, ಆಕೆ ಆ ಗೇಟಿಗೆ ಬರುವುದನ್ನೇ ಬಿಟ್ಟದ್ದು. ಎರಡು ವರ್ಷದ ಹಿಂದೆ ಬೀರಾನ್ ಕೊಟ್ಟ ಅತ್ತರನ್ನು, ಪರಿಮಳ ಇಲ್ಲದಿದ್ದರೂ ಗೆಳೆಯನಿಗೆ ಬೇಸರವಾಗಬಾರದೆಂದು, ಭಾರೀ ಚೆನ್ನಾಗುಂಟು ಎಂದು ಸುಳ್ಳು ಹೊಗಳಿದ್ದು. ಸುಳ್ಳೆಂದುಕೊಂಡು ಹೇಳಿದ ಅದೊಂದೇ ಸರಿಯಾಗಿತ್ತು, ನಿಜವೆಂದುಕೊಂಡು ಹೇಳಿದ್ದೆಲ್ಲ ಘನಘೋರವಾಗಿ ತಪ್ಪಿತ್ತು.

ಝೀಟಾ ಸಂಜೆ ಅಜೆಕಾರಿನಿಂದ ಬಂದು ಚೀಲ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿದ. ಆಕೆ ನಿಂತಲ್ಲೇ ಕೇಳಿದಳು. ಸಾಬೂನಿನ ವಿಷಯ, ಸಿಗಡಿಯ ವಿಷಯ, ಡಾಕ್ಟರು ಹೇಳಿದ್ದು. ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ.

"ಹಾಗಾದರೆ ಹೂವು?" ಎಂದಳು.

"ಯಾವ ಹೂವು?"

"ನನ್ನ ಅಮ್ಮನ ಗಿಡ."

ಝೀಟಾ ಮದುವೆಯಾಗಿ ಬರುವಾಗ ತವರಿನಿಂದ ಮಲ್ಲಿಗೆಯ ಗೆಲ್ಲುಗಳನ್ನು ತಂದು ನೆಟ್ಟಿದ್ದಳು. ಇಪ್ಪತ್ತೆರಡು ಗಿಡ. ದಿನಾ ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒಂಬತ್ತು ಗಂಟೆಗೆ ಹೂವಿನ ಕಟ್ಟೆಗೆ ಮಾರಲು ಕಳಿಸುವಳು. ಮೊದಲ ಬೊಗಸೆಯನ್ನು ಗಂಡನ ಮೂಗಿಗೆ ಹಿಡಿಯುವುದು ಆಕೆಯ ರೂಢಿ. ನಾಲ್ಕು ವರ್ಷದ ಹಿಂದೆ ಒಂದು ದಿನ ಆತ ಮುಖ ತಿರುಗಿಸಿ, "ಕಾಗದದ ಹೂವಿನ ಹಾಗುಂಟು" ಎಂದಿದ್ದ. ಆಮೇಲೆ ದಿನಾ ಅದನ್ನೇ ಹೇಳಿದ. ಗಿಡಕ್ಕೆ ಮುದಿ ಬಂತು, ಹೊಸತು ನೆಡು ಎಂದ. ಒಂದು ವರ್ಷ ಕೇಳಿ ಕೇಳಿ, ಝೀಟಾ ಇಪ್ಪತ್ತೆರಡನ್ನೂ ಬುಡಸಮೇತ ಕೀಳಿಸಿದಳು. ಹೊಸ ಗಿಡದ ಮೊದಲ ಹೂವಿಗೆ ಆತ, ಇದೂ ಅಷ್ಟೇ ಎಂದಿದ್ದ. ಅಂದಿನಿಂದ ಆಕೆ ಬೊಗಸೆ ಹಿಡಿದು ಬಂದಿಲ್ಲ, ಮುಡಿಯುವುದನ್ನೂ ಬಿಟ್ಟಿದ್ದಳು. ಅದನ್ನು ಆತ ಇವತ್ತಿನವರೆಗೆ ಗಮನಿಸಿಯೂ ಇರಲಿಲ್ಲ.

"ಕಟ್ಟೆಯವರು ಒಂದು ದಿನವೂ ಏನೂ ಹೇಳಿರಲಿಲ್ಲ" ಎಂದಳು ಝೀಟಾ. "ಒಳ್ಳೆಯ ಹೂವು ಬಾಯಮ್ಮ ಅಂತಲೇ ಹೇಳುತ್ತಿದ್ದರು. ನೀವು ಹೇಳಿದಿರಿ ಅಂತ ಕಿತ್ತೆ."

"ಝೀಟಾ, ನಾನು..."

"ನನಗೆ ಎಂತದ್ದೂ ಹೇಳಬೇಡಿ. ಬೀರಾನಣ್ಣನಿಗೆ ಹೋಗಿ ಹೇಳಿ. ನನ್ನ ಗಿಡ ಹೋಯಿತು. ಆ ಮನುಷ್ಯ ಇನ್ನೂ ಇದ್ದಾನಲ್ಲ."

ಭಾನುವಾರ ಫೌಸ್ಟಿನ್ ಶೇವ್ ಮಾಡಲಿಲ್ಲ. ಜೀವಮಾನದಲ್ಲಿ ಮೂರನೆಯ ಸಲ. ಬಿಳಿ ಕುರುಚಲು ಗಡ್ಡದಲ್ಲೇ ಪೂಜೆಗೆ ಹೋದ, ಜನ ನೋಡಿದರು. ಪೂಜೆ ಮುಗಿದದ್ದೇ ಆಡಿನ ಡಬ್ಬಿ, ಬ್ರಶ್, ಬಟ್ಟಲು ಚೀಲದಲ್ಲಿ ತುಂಬಿಕೊಂಡು ಕಾಪುವಿನ ಬಸ್ಸು ಹತ್ತಿದ.

ಅಂಗಡಿಯಲ್ಲಿ ರಿಯಾಝ್ ಕೌಂಟರಿನಲ್ಲಿದ್ದ, ಬೀರಾನ್ ಒಳಗಿನ ಸ್ಟೂಲಿನಲ್ಲಿ. ಹಸಿರು ಡಬ್ಬಿಗಳ ಪೆಟ್ಟಿಗೆ ತೆರೆದಂತೆಯೇ ನೆಲದ ಮೇಲಿತ್ತು. ಫೌಸ್ಟಿನ್ ಒಳಗೆ ಬಂದದ್ದನ್ನು ಕಂಡು ರಿಯಾಝ್ ಎದ್ದು ನಿಂತ. ಬೀರಾನ್ ಏಳಲಿಲ್ಲ, ಬಾ ಎನ್ನಲಿಲ್ಲ.

"ಸಾಬೂನು ಅಸಲಿ. ಡುಪ್ಲಿಕೇಟ್ ಆದದ್ದು ನನ್ನ ಮೂಗು" ಎಂದ ಫೌಸ್ಟಿನ್.

"ಎಂತ ಹೊಸ ಕಥೆ ಇದು?"

"ನನಗೆ ವಾಸನೆ ಬರುವುದಿಲ್ಲ ಬೀರಾನ್. ಯಾವುದೂ ಬರುವುದಿಲ್ಲ. ನಾಲ್ಕೈದು ವರ್ಷ ಆಯ್ತಂತೆ. ನನಗೇ ಗೊತ್ತಿರಲಿಲ್ಲ."

ಬೀರಾನ್ ನಂಬಲಿಲ್ಲ. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ ಕಥೆ ಕಟ್ಟಿದ್ದಾನೆ ಎಂದೇ ಆತನ ಮುಖ ಹೇಳುತ್ತಿತ್ತು. ಎದ್ದು, ಗಾಜಿನ ಕಪಾಟಿನ ಮೇಲಿನ ಹಲಗೆಯಿಂದ ಒಂದು ಸಣ್ಣ ಕಪ್ಪು ಬಾಟಲಿ ತೆಗೆದ. ಊದ್. ಅದರ ಒಂದು ಹನಿ ಅಂಗಿಗೆ ತಾಗಿದರೆ ಎರಡು ಸಲ ಒಗೆದರೂ ಹೋಗದು. ಬಿರಡೆ ತೆಗೆದು ಗಾಜಿನ ಕಡ್ಡಿಯನ್ನು ಫೌಸ್ಟಿನ್ನನ ಮೂಗಿಗೆ ಹಿಡಿದು, ಕಣ್ಣನ್ನೇ ನೋಡುತ್ತ ನಿಂತ. ಅತ್ತರು ಮಾರಿಯೇ ಮುದುಕನಾದ ಮನುಷ್ಯ ಆತ. ಪರಿಮಳ ಒಳಗೆ ಹೋದಾಗ ಮನುಷ್ಯನ ಕಣ್ಣಿನಲ್ಲಿ ಏನಾಗುತ್ತದೆಂದು ಆತನಿಗೆ ಗೊತ್ತು. ಫೌಸ್ಟಿನ್ನನ ಕಣ್ಣಿನಲ್ಲಿ ಏನೂ ಆಗಲಿಲ್ಲ.

ಇನ್ನೊಂದು ಬಾಟಲಿ. ಮತ್ತೊಂದು. ನಾಲ್ಕನೆಯದಕ್ಕೆ ಬೀರಾನನ ಕೈ ನಿಂತಿತು.

"ಯಾ ಅಲ್ಲಾ" ಎಂದ ಆತ, ಮೆಲ್ಲಗೆ. ಅಂಗಡಿಯೆಲ್ಲ ಘಮಘಮ ಎನ್ನುತ್ತಿತ್ತು. ಬಾಗಿಲಲ್ಲಿ ಹೋಗುವವರು ತಿರುಗಿ ನೋಡಿ ಹೋಗುತ್ತಿದ್ದರು. ಅದರ ನಡುವೆ ನಿಂತಿದ್ದ ಗೆಳೆಯನಿಗೆ ಮಾತ್ರ ಯಾವುದೂ ಮುಟ್ಟಿರಲಿಲ್ಲ. ಬೀರಾನ್ ಕೌಂಟರಿಗೆ ಕೈ ಊರಿಕೊಂಡ. "ಹಾಗಾದರೆ ಆ ಸಾಬೂನು... ನಿನಗೆ ಬರಲೇ ಇಲ್ವಾ? ಒಂಚೂರೂ?"

"ನೊರೆ ಮಾತ್ರ ಬಂತು."

ಆಮೇಲೆ ಫೌಸ್ಟಿನ್ ರಿಯಾಝನಿಗೆ ಕೈಮುಗಿದ. ಹುಡುಗ ಗಾಬರಿಯಾಗಿ "ಅಯ್ಯೋ, ಬೇಡ ಅಂಕಲ್" ಎಂದು ಆ ಕೈಗಳನ್ನು ಹಿಡಿದು ಇಳಿಸಿದ. ಬೀರಾನ್ ಮಗನಿಗೆ ಬಿಸಿನೀರು ತರಲು ಹೇಳಿದ. ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ. "ಕೂತುಕೋ."

ಫೌಸ್ಟಿನ್ ಕೂತು ಫೋನ್ ತೆಗೆದ. ಬಳಗದ ಗುಂಪು ತೆರೆದು ಮಾತಿನ ಬಟನ್ ಒತ್ತಿ ಮೇಲಕ್ಕೆ ಜಾರಿಸಿ, ಫೋನನ್ನು ಕೌಂಟರಿನ ಮೇಲಿಟ್ಟ. "ಬುಧವಾರ ನಾನು ಹೇಳಿದ್ದು ಸುಳ್ಳು" ಎಂದು ಶುರುಮಾಡಿದ. "ಆಡಿನ ಸಾಬೂನು ಅಸಲಿ. ಬೀರಾನ್ ಯಾವತ್ತೂ ಡುಪ್ಲಿಕೇಟ್ ಮಾರಿದವನಲ್ಲ. ನನಗೆ ವಾಸನೆ ಹೋಗಿದೆ, ನಾಲ್ಕೈದು ವರ್ಷದಿಂದ. ಅಷ್ಟು ವರ್ಷ ನಾನು ಪರಿಮಳದ ಬಗ್ಗೆ ಕೊಟ್ಟ ತೀರ್ಪೆಲ್ಲ ಬರ್ಕಾಸ್ತು. ಇನ್ನು ಮುಂದೆ ನೊರೆಯ ಬಗ್ಗೆ ಮಾತ್ರ ನಾನು ಹೇಳುವುದು. ಪರಿಮಳದ ಬಗ್ಗೆ ಬೀರಾನ್ ಹೇಳ್ತಾನೆ, ಅವನಿಗೆ ಮನಸ್ಸಿದ್ದರೆ."

ಬೀರಾನ್ ಚೀಲದಿಂದ ಬ್ರಶ್, ಬಟ್ಟಲು, ಸಾಬೂನು ತೆಗೆದ; ಫೋನ್ ರೆಕಾರ್ಡ್ ಮಾಡುತ್ತಲೇ ಇತ್ತು. ಬ್ರಶ್ ನೆನೆಸಿದ, ಮೂರು ಸಲ ಕೊಡವಿದ. ಹನ್ನೊಂದು ವರ್ಷ ದಿನಾ ನೋಡಿದ್ದು ಕೈಗೆ ಮರೆತಿರಲಿಲ್ಲ. ಬಟ್ಟಲಲ್ಲಿ ನೊರೆ ಎಬ್ಬಿಸಿ ಗೆಳೆಯನ ಕುರುಚಲು ಗಡ್ಡಕ್ಕೆ ಹಚ್ಚತೊಡಗಿದ. ಆಮೇಲೆ ಬಗ್ಗಿ ಆ ಕೆನ್ನೆಯ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಉಸಿರೆಳೆದ.

"ಮೊದಲು ಲಿಂಬೆಯ ಸಿಪ್ಪೆ ಮಾರಾಯ. ಹಸಿ ಸಿಪ್ಪೆ, ಉಗುರಿನಲ್ಲಿ ಗೀರಿದ್ದು. ಅದರ ಹಿಂದೆಯೇ ಕರ್ಪೂರ ಬರ್ತದೆ, ಕಣ್ಣಲ್ಲಿ ನೀರು ಬರುವಷ್ಟು. ಈಗ ಅದು ಇಳಿಯಿತು. ಈಗ ಲೋಬಾನ, ನಿಮ್ಮ ಇಗರ್ಜಿಯಲ್ಲಿ ಹಾಕ್ತಾರಲ್ಲ, ಆ ಧೂಪದ ಹಾಗೆ." ಬೀರಾನ್ ಬ್ರಶ್ಶನ್ನು ಇನ್ನೊಂದು ಕೆನ್ನೆಗೆ ತಿರುಗಿಸಿದ. "ನಾನು ನಮಾಜು ಮುಗಿಸಿ ಚಾಪೆ ಮಡಚುವಾಗ ಈ ಪರಿಮಳ ಬರ್ತಿತ್ತು. ಬಂದರೆ ಚಹಾ ಇಡುವ ಹೊತ್ತು ಅಂತ. ಉಮ್ಮ ತೀರಿಕೊಂಡಾಗ ಊರಿಗೆ ಹೋಗಲಿಕ್ಕೆ ರಜೆ ಸಿಗಲಿಲ್ಲ ನೋಡು, ಆ ಬೆಳಿಗ್ಗೆಯೂ ಬಂತು. ಆಗ ಎದ್ದು ಸ್ಟವ್ ಹಚ್ಚಿದೆ. ಅದಕ್ಕೇ ಹುಡುಕಿದ್ದು ನಾನು ಇದನ್ನು, ಮಾರಲಿಕ್ಕೆ ಅಲ್ಲ."

ಫೌಸ್ಟಿನ್ ಏನೋ ಹೇಳಲು ಬಾಯಿ ತೆರೆದ.

"ಕ್ಷಮಿಸಿದೆ ಅಂತ ತಿಳಿಯಬೇಡ" ಎಂದ ಬೀರಾನ್, ಬ್ರಶ್ಶನ್ನು ಮತ್ತೆ ಬಟ್ಟಲಲ್ಲಿ ಅದ್ದುತ್ತ. "ಬಾಯಿ ಮುಚ್ಚು, ನೊರೆ ಒಳಗೆ ಹೋಗ್ತದೆ."